ಐಡಿ ಕಾರ್ಡ್ ಅಂದರೆ ಇಂಗ್ಲಿಷಿನವರಿಗೆ ಯಾಕಷ್ಟು ಸಿಟ್ಟು?

ಓದುಗರ ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು. ಮೂರು ವರ್ಷದಿಂದ ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಡಿಜಿಟಲ್ ಐಡಿ ಅಂದರೆ ಸಾಕು, ನಮ್ಮ ಆಫೀಸಿನ ಇಂಗ್ಲಿಷಿನವರು ಕಿಡಿಕಿಡಿ ಆಗುತ್ತಾರೆ. ಒಬ್ಬರಂತೂ ಅದು ಬೇಡ ಎನ್ನುವ ಅರ್ಜಿಗೆ ಸಹಿ ಹಾಕಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡರು. ನಾವು ಹತ್ತು ಬೆರಳು, ಎರಡು ಕಣ್ಣು ಕೊಟ್ಟು ಆಧಾರ್ ಮಾಡಿಸಿಕೊಂಡು ಆರಾಮಾಗಿದ್ದೇವೆ. ತಪ್ಪು ಮಾಡದವರಿಗೆ ಭಯ ಯಾಕೆ? ಇವರದ್ದು ಸ್ವಲ್ಪ ಅತಿ ಆಯಿತು ಅನ್ನಿಸಲ್ವಾ? ವೀಸಾ ಮೇಲಿರುವ ನನಗೆ ಇದರಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಚಿಕ್ಕದು. ನಿಮಗೆ ಹೊಸದಾಗಿ ಬರುವುದು ಹೆಚ್ಚೇನೂ ಇಲ್ಲ. ಯಾಕೆಂದರೆ ನಿಮ್ಮ ಹತ್ತಿರ ಅದು ಆಗಲೇ ಇದೆ.

ಈಗ ಬಾಡಿಗೆ ಮನೆ ಹಿಡಿಯುವಾಗ ಏನು ಮಾಡುತ್ತೀರಿ, ನೆನಪಿಸಿಕೊಳ್ಳಿ. ಸರ್ಕಾರದ ವೆಬ್‌ಸೈಟಿಗೆ ಹೋಗಿ ಪಾಸ್‌ಪೋರ್ಟ್ ನಂಬರ್ ಹಾಕುತ್ತೀರಿ, ಮೊಬೈಲಿಗೆ ಬಂದ ಕೋಡ್ ಹಾಕಿ ಒಳಗೆ ಹೋಗುತ್ತೀರಿ. ಅಲ್ಲಿ ಒಂಬತ್ತು ಅಕ್ಷರದ ಶೇರ್ ಕೋಡ್ ಸಿಗುತ್ತದೆ. ಮನೆಗಾದರೆ ಆರ್, ಕೆಲಸಕ್ಕಾದರೆ ಡಬ್ಲ್ಯೂ ಅಕ್ಷರದಿಂದ ಶುರು. ಅದರ ಜೊತೆಗೆ ಹುಟ್ಟಿದ ತಾರೀಖನ್ನು ಏಜೆಂಟಿಗೆ ಕಳಿಸುತ್ತೀರಿ. ಆತ ತನ್ನ ಕಂಪ್ಯೂಟರಿನಲ್ಲಿ ನಿಮ್ಮ ಫೋಟೊ ನೋಡಿ, ವೀಸಾ ಎಲ್ಲಿಯವರೆಗಿದೆ ನೋಡಿ, ಆಮೇಲೆ ಬೀಗದ ಕೈ ಕೊಡುತ್ತಾನೆ. ಆ ಕೋಡಿನ ಆಯಸ್ಸು 90 ದಿನ. ಇದೇ ಇವೀಸಾ. ಮೊದಲು ಇದಕ್ಕೆ ಬಿಆರ್‌ಪಿ ಅಂತ ಪ್ಲಾಸ್ಟಿಕ್ ಕಾರ್ಡ್ ಇತ್ತು, 2024ರ ಡಿಸೆಂಬರ್ 31ಕ್ಕೆ ಅದರ ಕಾಲ ಮುಗಿಯಿತು. ಸಹಿ ಹಾಕಿದ ನಿಮ್ಮ ಸಹೋದ್ಯೋಗಿಯನ್ನು ಕೇಳಿ ನೋಡಿ, ಶೇರ್ ಕೋಡ್ ಅಂದರೆ ಏನು ಅಂತ. ಬಹುಶಃ ಅವರಿಗೆ ಗೊತ್ತೇ ಇರುವುದಿಲ್ಲ. ಅವರು ಪಾಸ್‌ಪೋರ್ಟ್ ತೋರಿಸಿ ಮನೆ ಹಿಡಿದವರು.

ಈಗಿನ ಗಲಾಟೆ ಏನು ಅಂತ ಬೇರೆ ಓದುಗರಿಗಾಗಿ ಎರಡು ಮಾತು. 2025ರ ಸೆಪ್ಟೆಂಬರ್ 26ರಂದು ಪ್ರಧಾನಿ ಕೀರ್ ಸ್ಟಾರ್ಮರ್ ಒಂದು ಘೋಷಣೆ ಮಾಡಿದರು. ಈ ಸಂಸತ್ತಿನ ಅವಧಿ ಮುಗಿಯುವುದರೊಳಗೆ, ಕೆಲಸಕ್ಕೆ ಸೇರುವ ಯಾರೇ ಆಗಲಿ ಡಿಜಿಟಲ್ ಐಡಿ ತೋರಿಸಲೇಬೇಕು ಅಂತ. ಕೊಟ್ಟ ಕಾರಣ: ಅಕ್ರಮವಾಗಿ ಬಂದವರು ಕದ್ದುಮುಚ್ಚಿ ಕೆಲಸ ಮಾಡುವುದನ್ನು ನಿಲ್ಲಿಸಬೇಕು. ಇದು ಬೇಡ ಎನ್ನುವ ಅರ್ಜಿಗೆ 28 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಅಕ್ಟೋಬರಿನಲ್ಲಿ ಸ್ಟಾರ್ಮರ್ ಮುಂಬೈಗೆ ಹೋಗಿ ನಮ್ಮ ನಂದನ್ ನಿಲೇಕಣಿ ಅವರನ್ನು ಕಂಡು ಆಧಾರ್ ಬಗ್ಗೆ ಮಾತಾಡಿದರು, ಹೊಗಳಿದರು. 2026ರ ಜನವರಿಯಲ್ಲಿ ಸರ್ಕಾರ ಹಿಂದೆ ಸರಿಯಿತು. ಕೆಲಸದ ಹಕ್ಕಿನ ತಪಾಸಣೆ ಡಿಜಿಟಲ್ ಆಗಿಯೇ ನಡೆಯುತ್ತದೆ, ಆದರೆ ಅದಕ್ಕೆ ಈ ಹೊಸ ಐಡಿಯೇ ಆಗಬೇಕು ಅಂತೇನಿಲ್ಲ ಎಂದಿತು.

ಈ ಸಿಟ್ಟು ನೆನ್ನೆ ಮೊನ್ನೆಯದಲ್ಲ. ಅದರ ಬೇರು ನೋಡಬೇಕಾದರೆ ಫಿಂಚ್ಲಿಗೆ ಹೋಗಬೇಕು.

ಫಿಂಚ್ಲಿ ಉತ್ತರ ಲಂಡನ್ನಿನ ಒಂದು ಬಡಾವಣೆ. ಅಲ್ಲಿ ಬ್ಯಾಲರ್ಡ್ಸ್ ಲೇನ್ ಅಂತ ರಸ್ತೆ. 1950ರ ಡಿಸೆಂಬರ್ 7. ಕ್ಲಾರೆನ್ಸ್ ವಿಲ್ಕಾಕ್ ಎನ್ನುವ ಡ್ರೈಕ್ಲೀನಿಂಗ್ ಕಂಪನಿಯ ಮ್ಯಾನೇಜರ್ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಹ್ಯಾರಲ್ಡ್ ಮಕಲ್ ಎನ್ನುವ ಕಾನ್‌ಸ್ಟೇಬಲ್ ತಡೆದು ಗುರುತಿನ ಚೀಟಿ ಕೇಳಿದ. ಯುದ್ಧ ಮುಗಿದು ಐದು ವರ್ಷ ಆಗಿತ್ತು. ಆದರೂ 1939ರಲ್ಲಿ ಯುದ್ಧಕ್ಕೆಂದು ಹಂಚಿದ ಆ ಚೀಟಿ ಇನ್ನೂ ಚಾಲ್ತಿಯಲ್ಲಿತ್ತು. ವಿಲ್ಕಾಕ್ ತೋರಿಸಲ್ಲ ಅಂದರು. ತಾನು ಲಿಬರಲ್ ಪಕ್ಷದವನು, ಇಂಥದ್ದಕ್ಕೆ ತನ್ನ ವಿರೋಧ ಇದೆ ಅಂದರು. ಹಾಗಾದರೆ ಎರಡು ದಿನದಲ್ಲಿ ಸ್ಟೇಷನ್ನಿಗೆ ತಂದು ತೋರಿಸಿ ಅಂತ ಕಾನ್‌ಸ್ಟೇಬಲ್ ಒಂದು ಫಾರಂ ಕೊಟ್ಟ. ವಿಲ್ಕಾಕ್ ಅದನ್ನು ರಸ್ತೆಗೇ ಎಸೆದರು.

ಕೇಸು ಮೇಲಿನ ಕೋರ್ಟಿಗೆ ಹೋಯಿತು. ವಿಲ್ಕಾಕ್ ಸೋತರು. ಸೋಲಲೇಬೇಕಿತ್ತು, ಕಾನೂನು ಇನ್ನೂ ಜೀವಂತ ಇತ್ತಲ್ಲ. ಆದರೆ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗಾಡರ್ಡ್ ತೀರ್ಪಿನಲ್ಲಿ ಪೊಲೀಸರಿಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿದರು. ಯುದ್ಧಕ್ಕೆಂದು ಮಾಡಿದ ಕಾನೂನನ್ನು ಕಾರಿನಲ್ಲಿ ಹೋಗುವವರ ಮೇಲೆಲ್ಲ ಹೀಗೆ ಬಳಸಿದರೆ, ಕಾನೂನು ಪಾಲಿಸುವ ಜನರನ್ನೇ ಕಾನೂನು ಮುರಿಯುವವರನ್ನಾಗಿ ಮಾಡಿದ ಹಾಗೆ ಆಗುತ್ತದೆ ಅಂದರು. ಈ ಗಾಡರ್ಡ್ ಮೃದು ಮನಸ್ಸಿನ ಮನುಷ್ಯ ಅಲ್ಲವೇ ಅಲ್ಲ. ಗಲ್ಲು ಶಿಕ್ಷೆ, ಛಡಿಯೇಟು ಎರಡೂ ಇರಬೇಕು ಅನ್ನುತ್ತಿದ್ದವರು. ಅಂಥವರಿಗೇ ಇದು ಜಾಸ್ತಿ ಆಯಿತು ಅನ್ನಿಸಿತ್ತು. ಎಂಟು ತಿಂಗಳಲ್ಲಿ, 1952ರ ಫೆಬ್ರವರಿಯಲ್ಲಿ, ಚರ್ಚಿಲ್ ಸರ್ಕಾರ ಚೀಟಿಯನ್ನು ರದ್ದು ಮಾಡಿತು.

ಆ ಚೀಟಿ ತಂದಾಗ ಸರ್ಕಾರ ಹೇಳಿದ್ದು ಮೂರೇ ಕಾರಣ. ಸೈನ್ಯಕ್ಕೆ ಆಳು, ದೇಶದ ಭದ್ರತೆ, ರೇಷನ್. 1950ರ ಹೊತ್ತಿಗೆ ಅದರ ದಾಖಲೆಯನ್ನು 39 ಸರ್ಕಾರಿ ಸಂಸ್ಥೆಗಳು ಬಳಸುತ್ತಿದ್ದವು. ಇದನ್ನು ಓದಿದಾಗೆಲ್ಲ ನನಗೆ ನಮ್ಮೂರ ಜೆರಾಕ್ಸ್ ಅಂಗಡಿ ನೆನಪಾಗುತ್ತದೆ. ಗ್ಯಾಸ್ ಸಬ್ಸಿಡಿಗೆ ಅಂತ ಶುರುವಾದ ಆಧಾರ್ ಪ್ರತಿ ಆಮೇಲೆ ಸಿಮ್ಮಿಗೆ, ಲಾಡ್ಜಿಗೆ, ಮಗುವಿನ ಸ್ಕೂಲಿಗೆ, ಮದುವೆ ಛತ್ರ ಬುಕ್ ಮಾಡೋಕೆ, ಎಲ್ಲದಕ್ಕೂ ಬಂತಲ್ವಾ? ಇದರಲ್ಲಿ ಎಷ್ಟೋ ಕಡೆ ಅದು ಕಡ್ಡಾಯವೇ ಆಗಿರಲಿಲ್ಲ. ಸುಮ್ನೆ ಕೇಳಿದರು, ನಾವು ಕೊಟ್ಟೆವು. ಕಾರ್ಡು ಒಮ್ಮೆ ಕೈಗೆ ಬಂದರೆ ಅದನ್ನು ಕೇಳುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. ಇಂಗ್ಲಿಷಿನವರ ಜಗಳ ಕಾರ್ಡಿನ ಜೊತೆ ಅಲ್ಲ, ಕೇಳುವ ಈ ಅಭ್ಯಾಸದ ಜೊತೆ.

ಟೋನಿ ಬ್ಲೇರ್ ಸರ್ಕಾರ 2006ರಲ್ಲಿ ಇನ್ನೊಮ್ಮೆ ಪ್ರಯತ್ನ ಪಟ್ಟಿತು. ಐಡಿ ಕಾರ್ಡಿನ ಕಾನೂನು ಪಾಸ್ ಆಯಿತು. ಮರುವರ್ಷ ತೆರಿಗೆ ಇಲಾಖೆ ಎರಡು ಸಿಡಿ ಕಳೆದುಕೊಂಡಿತು, ನವೆಂಬರಿನಲ್ಲಿ ಸುದ್ದಿ ಹೊರಬಿತ್ತು. ಅದರಲ್ಲಿ ಇದ್ದದ್ದು ಮಕ್ಕಳ ಭತ್ಯೆ ಪಡೆಯುವ ಎಲ್ಲ ಮನೆಗಳ ವಿವರ: ಹೆಸರು, ವಿಳಾಸ, ಎಷ್ಟೋ ಜನರ ಬ್ಯಾಂಕ್ ಖಾತೆ. ಒಟ್ಟು ಎರಡೂವರೆ ಕೋಟಿ ಜನರದ್ದು. ನಾನು ಆಗ ಲಂಡನ್ನಿನಲ್ಲಿ ಟ್ರೈನಿಂಗ್‌ನಲ್ಲಿದ್ದೆ. ಸಂಜೆ ರೈಲಿನಲ್ಲಿ ಎಲ್ಲರ ಕೈಯಲ್ಲೂ ಅದೇ ಸುದ್ದಿಯ ಪೇಪರ್. ಎರಡು ಸಿಡಿ ಕಾಪಾಡಿಕೊಳ್ಳೋಕೆ ಆಗದವರಿಗೆ ನನ್ನ ಬೆರಳಚ್ಚು ಯಾಕೆ ಅಂತ ಎದುರು ಸೀಟಿನ ಅಜ್ಜಿ ಗೊಣಗಿದ್ದು ಇನ್ನೂ ಕಿವಿಯಲ್ಲಿದೆ. 2010ರಲ್ಲಿ ಬಂದ ಹೊಸ ಸರ್ಕಾರ ಯೋಜನೆಯನ್ನೇ ಕಿತ್ತುಹಾಕಿತು. ಅಷ್ಟರಲ್ಲಿ ಸುಮಾರು 15 ಸಾವಿರ ಜನ 30 ಪೌಂಡ್ ಕೊಟ್ಟು ಕಾರ್ಡ್ ಮಾಡಿಸಿಕೊಂಡಿದ್ದರು. ದುಡ್ಡು ವಾಪಸ್ ಬರಲಿಲ್ಲ. ಮಾಹಿತಿ ಇಟ್ಟಿದ್ದ ಹಾರ್ಡ್ ಡಿಸ್ಕುಗಳನ್ನು 2011ರ ಫೆಬ್ರವರಿಯಲ್ಲಿ ಒಬ್ಬ ಮಂತ್ರಿಯೇ ಪುಡಿ ಮಾಡುವ ಮಷೀನಿಗೆ ಹಾಕಿ ಫೋಟೊಗೆ ನಿಂತರು.

ಇಲ್ಲಿ ಒಂದು ಸಂಗತಿಯನ್ನು ಯಾರೂ ಜೋರಾಗಿ ಹೇಳುವುದಿಲ್ಲ. 2008ರ ನವೆಂಬರಿನಲ್ಲಿ, ಅದೇ ಯೋಜನೆಯ ಮೊದಲ ಕಂತಾಗಿ, ವಿದೇಶಿಯರಿಗೆ ಬೆರಳಚ್ಚಿನ ಕಾರ್ಡ್ ಕೊಡಲು ಶುರು ಮಾಡಿದ್ದರು. ಮೊದಲು ಸಿಕ್ಕಿದ್ದು ವಿದ್ಯಾರ್ಥಿಗಳಿಗೆ, ಮದುವೆಯಾಗಿ ಬಂದವರಿಗೆ. 2010ರಲ್ಲಿ ಸ್ಥಳೀಯರ ಕಾರ್ಡ್ ಹೋಯಿತು, ನಮ್ಮದು ಉಳಿಯಿತು. ಅದೇ ಮುಂದೆ ಬಿಆರ್‌ಪಿ ಅನ್ನಿಸಿಕೊಂಡಿತು, ಈಗ ಇವೀಸಾ. ಆಗ 28 ಲಕ್ಷ ಜನ ಸಹಿ ಹಾಕಲಿಲ್ಲ. ನಿಮ್ಮ ಸಹೋದ್ಯೋಗಿಯ ಸ್ವಾತಂತ್ರ್ಯ ಪ್ರೇಮದ ಬಗ್ಗೆ ನನಗೆ ಗೌರವ ಇದೆ, ಆದರೆ ಈ ಲೆಕ್ಕವನ್ನು ನಾನು ಮರೆಯುವುದಿಲ್ಲ.

ನಾವು ಆರಾಮಾಗಿದ್ದೇವೆ, ಇವರು ಯಾಕೆ ಕೂಗಾಡುತ್ತಾರೆ ಅಂತ ಕೇಳಿದಿರಿ. ನಾವೂ ಸುಮ್ಮನಿರಲಿಲ್ಲ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಆಧಾರ್ ಕಟ್ಟಿದವರೂ ಬೆಂಗಳೂರಿನವರು, ಅದನ್ನು ಕೋರ್ಟಿಗೆ ಎಳೆದವರೂ ಬೆಂಗಳೂರಿನವರು! 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕೇಳಬಹುದು ಎನ್ನುತ್ತಿದ್ದ 57ನೇ ಸೆಕ್ಷನ್ನಿಗೆ ಕೋರ್ಟ್ ಕತ್ತರಿ ಹಾಕಿತು. ಆ ತೀರ್ಪನ್ನು ನಾವು ನಿಜಕ್ಕೂ ಎಷ್ಟು ಪಾಲಿಸಿದ್ದೇವೆ ಅನ್ನುವುದು ಬೇರೆ ಮಾತು ಬಿಡಿ.

ಸಂಸತ್ತಿನ ಕಾಯ್ದೆಗೆ ಕೋರ್ಟ್ ಹೀಗೆ ಕತ್ತರಿ ಹಾಕುವುದು ಬ್ರಿಟನ್ನಿನಲ್ಲಿ ಆಗುವುದಿಲ್ಲ. ಇಲ್ಲಿ ನಮ್ಮ ಹಾಗೆ ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನ ಇಲ್ಲ. ಸಂಸತ್ತು ಮಾಡಿದ್ದೇ ಅಂತಿಮ. ಅದು ಪಾಸ್ ಮಾಡಿದ ಕಾಯ್ದೆ ಮನುಷ್ಯನ ಹಕ್ಕಿಗೆ ವಿರುದ್ಧ ಅಂತ ಜಡ್ಜಿಗೆ ಖಾತ್ರಿಯಾದರೂ, 1998ರ ಮಾನವ ಹಕ್ಕುಗಳ ಕಾಯ್ದೆಯ ಪ್ರಕಾರ ಅವರು ಮಾಡಬಹುದಾದದ್ದು ಇಷ್ಟೇ: ಇದು ಹಕ್ಕುಗಳಿಗೆ ಹೊಂದುವುದಿಲ್ಲ ಅಂತ ಘೋಷಿಸುವುದು. ಘೋಷಿಸಿದ ಮೇಲೂ ಕಾಯ್ದೆ ನಡೆಯುತ್ತಲೇ ಇರುತ್ತದೆ. ಬದಲಿಸಬೇಕೋ ಬೇಡವೋ ಅನ್ನುವುದು ಸಂಸತ್ತಿನ ಇಷ್ಟ. ಹೀಗಾಗಿ ಇವರು ಬಾಗಿಲಲ್ಲೇ ಅಡ್ಡ ನಿಲ್ಲುತ್ತಾರೆ. ಒಳಗೆ ಬಂದ ಮೇಲೆ ಹೊರಗೆ ಕಳಿಸಲು ಇವರಿಗೊಬ್ಬ ಪುಟ್ಟಸ್ವಾಮಿ ಸಾಲದು. ನೀವು ಅತಿ ಅನ್ನುವ ಆ ಕೂಗಾಟವೇ ಇವರ ಅರ್ಧ ಸಂವಿಧಾನ.

ಎರಡೂ ಐಡಿಗಳ ಹುಟ್ಟೂ ಬೇರೆ ಬೇರೆ. ಆಧಾರನ್ನು ಸರ್ಕಾರ ಮಾರಿದ್ದು ರೇಷನ್, ಪಿಂಚಣಿ, ಸಬ್ಸಿಡಿ ಸರಿಯಾದವರ ಕೈಗೆ ತಲುಪಿಸುತ್ತೇವೆ ಅಂತ. ಅದು ಪೌರತ್ವದ ದಾಖಲೆಯೂ ಅಲ್ಲ. ಸ್ಟಾರ್ಮರ್ ತಮ್ಮ ಐಡಿಯನ್ನು ಮಾರಿದ್ದು ಇಲ್ಲಿರಬಾರದವರನ್ನು ಹಿಡಿಯುತ್ತೇವೆ ಅಂತ. ನಮ್ಮದು ಕೊಡೋಕೆ ಹುಟ್ಟಿದ್ದು, ಇವರದ್ದು ತಡೆಯೋಕೆ. ಕೊಡೋಕೆ ಅಂತ ಹುಟ್ಟಿದ್ದೇ ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿ ಎಷ್ಟೋ ಸಲ 'ಥಂಬ್ ಬರ್ತಿಲ್ಲ, ನಾಳೆ ಬಾರಜ್ಜಿ' ಅಂತ ತಡೆಯುವ ಕೆಲಸ ಮಾಡಿದೆ. ಗಾರೆ ಕೆಲಸ ಮಾಡಿ ಸವೆದ ಬೆರಳಿಗೆ ಮಷೀನು ಎಲ್ಲಿ ಒಲಿಯುತ್ತದೆ? ತಡೆಯೋಕೆಂದೇ ಹುಟ್ಟಿದ್ದು ಇನ್ನೇನು ಮಾಡೀತು ಅಂತ ಯೋಚಿಸಿ.

ತಪ್ಪು ಮಾಡದವರಿಗೆ ಭಯ ಯಾಕೆ ಅನ್ನುವ ಪ್ರಶ್ನೆಗೆ ನನ್ನದೇ ಒಂದು ಕಥೆ ಹೇಳುತ್ತೇನೆ. ಬಾಡಿಗೆ ಕೊಡುವ ಮುಂಚೆ ಮಾಲೀಕರು ಪ್ರತಿಯೊಬ್ಬ ಬಾಡಿಗೆದಾರರ ದಾಖಲೆ ನೋಡಲೇಬೇಕು ಎಂಬ ನಿಯಮ ಇಂಗ್ಲೆಂಡಿಗೆಲ್ಲ ಬಂದದ್ದು 2016ರ ಫೆಬ್ರವರಿ 1ರಂದು. ಆ ವರ್ಷ ಬೇಸಿಗೆಯಲ್ಲಿ ನಾನೂ ನನ್ನ ಗಂಡನೂ ಮನೆ ನೋಡಲು ಹೋದೆವು. ಅದೇ ಹೊತ್ತಿಗೆ ಇನ್ನೊಂದು ಜೋಡಿಯೂ ಬಂದಿತ್ತು, ಇಬ್ಬರೂ ಬಿಳಿಯರು. ನಾಲ್ವರೂ ಅಡುಗೆಮನೆಯಲ್ಲಿ ನಿಂತಿದ್ದೆವು. ಮಾಲೀಕರು ಒಳ್ಳೆಯ ಹೆಂಗಸು, ಟೀ ಬೇಕಾ ಅಂತಲೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, 'ನಿಮ್ಮಿಬ್ಬರ ಪೇಪರ್ಸ್ ಎಲ್ಲಾ ಸರಿ ಇದೆ ತಾನೆ?' ಅಂದರು. ಆ ಜೋಡಿಯನ್ನು ಕೇಳಲೇ ಇಲ್ಲ. ನಾನು ಆಗಲೇ ಬ್ರಿಟಿಷ್ ಪ್ರಜೆ. ಮಾತಿನಲ್ಲೇ ಗೊತ್ತಾಯಿತು, ಆ ಇನ್ನೊಬ್ಬರು ನ್ಯೂಜಿಲೆಂಡಿನವರು. ವೀಸಾ ಬೇಕಾದವರು ಅವರು! ಆಕೆ ಕೆಟ್ಟವರಲ್ಲ. ತಪ್ಪಿದರೆ ದಂಡ ಬೀಳುತ್ತದೆ ಅನ್ನುವ ಹೆದರಿಕೆ, ಅಷ್ಟೇ. ಹೆದರಿದವರು ಕಾನೂನು ಪುಸ್ತಕ ನೋಡುವುದಿಲ್ಲ, ಎದುರಿಗಿರುವವರ ಮುಖ ನೋಡುತ್ತಾರೆ.

ಇದು ನನ್ನೊಬ್ಬಳ ಅನುಭವ ಅಲ್ಲ ಅಂತ ಕೋರ್ಟೂ ಒಪ್ಪಿದೆ. 2019ರಲ್ಲಿ ಹೈಕೋರ್ಟ್ ಈ ನಿಯಮದಿಂದ ಭೇದಭಾವ ಆಗುತ್ತಿದೆ ಅಂದಿತು. 2020ರಲ್ಲಿ ಮೇಲ್ಮನವಿ ಕೋರ್ಟ್ ಕೂಡ, ಹೌದು, ಕೆಲವು ಮಾಲೀಕರು ಭೇದ ಮಾಡುತ್ತಾರೆ ಅಂದಿತು. ಆದರೆ ಸರ್ಕಾರದ ಉದ್ದೇಶದ ಮುಂದೆ ಅದು ಸಮರ್ಥನೀಯ ಅಂತ ಹೇಳಿ ನಿಯಮವನ್ನು ಉಳಿಸಿತು. ತಪ್ಪು ಮಾಡದವರಿಗೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಹೇಳಬೇಕು, ಅದರಲ್ಲಿ ಸತ್ಯ ಇದೆ. ವಿಂಡ್‌ರಶ್ ಹಗರಣ ನೀವು ಕೇಳಿರಬಹುದು. ಕೆರಿಬಿಯನ್ ದ್ವೀಪಗಳಿಂದ 1948ರಿಂದ ಈಚೆಗೆ ಬಂದವರು, ಅಪ್ಪ ಅಮ್ಮನ ಕೈ ಹಿಡಿದು ಬಂದ ಮಕ್ಕಳು. 1973ಕ್ಕೆ ಮೊದಲೇ ಬಂದು ನೆಲೆಸಿದ್ದ ಅವರಿಗೆಲ್ಲ ಇಲ್ಲಿರುವ ಹಕ್ಕಿತ್ತು, ಆದರೆ ಅದನ್ನು ಹೇಳುವ ಒಂದು ಕಾಗದವನ್ನು ಯಾರೂ ಕೊಟ್ಟಿರಲಿಲ್ಲ. 2012ರ ನಂತರ ಮನೆ, ಕೆಲಸ, ಆಸ್ಪತ್ರೆ ಎಲ್ಲ ಕಡೆ ಕಾಗದ ಕೇಳಲು ಶುರು ಮಾಡಿದಾಗ ಐವತ್ತು ವರ್ಷ ತೆರಿಗೆ ಕಟ್ಟಿದವರು ಅಕ್ರಮ ಅನ್ನಿಸಿಕೊಂಡರು. ಕೆಲಸ ಹೋಯಿತು, ಕೆಲವರನ್ನು ದೇಶದಿಂದಲೇ ಹೊರಗೆ ಹಾಕಿದರು. 2018ರಲ್ಲಿ ಗೃಹ ಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಡಬೇಕಾಯಿತು. ಆಗಲೇ ಒಂದು ಐಡಿ ಇದ್ದಿದ್ದರೆ ಇವರೆಲ್ಲ ಬಚಾವಾಗುತ್ತಿದ್ದರು ಅಂತ ಕೆಲವರು ಹೇಳುತ್ತಾರೆ. ನನ್ನ ಉತ್ತರ ಅರ್ಧ ಹೌದು. ಇನ್ನರ್ಧ ಏನೆಂದರೆ, ಅವರು ಬಂದಿಳಿದ ದಿನದ ಚೀಟಿಗಳು ಸರ್ಕಾರದ ಹತ್ತಿರವೇ ಇದ್ದವು. 2010ರಲ್ಲಿ ಅದೇ ಗೃಹ ಇಲಾಖೆ ಅವನ್ನು ನಾಶ ಮಾಡಿತು. ದಾಖಲೆ ಕಳೆದವರು ಒಬ್ಬರು, ದಾಖಲೆ ಎಲ್ಲಿ ಅಂತ ಕೇಳಿಸಿಕೊಂಡವರು ಇನ್ನೊಬ್ಬರು.

ಹಾಗಾದರೆ ನಿಮ್ಮ ಅಭಿಪ್ರಾಯ ಏನು ಮೇಡಂ ಅಂತ ಕೇಳುತ್ತೀರಿ. ಹೇಳುತ್ತೇನೆ. ಎಲ್ಲರಿಗೂ ಒಂದೇ ಐಡಿ ಬಂದರೆ ನನಗೆ ಬೇಸರ ಇಲ್ಲ. ಮುಖ ನೋಡಿ ಕೇಳುವುದಕ್ಕಿಂತ ಎಲ್ಲರನ್ನೂ ಕೇಳುವುದು ವಾಸಿ. ಆದರೆ ಯಾರು, ಯಾವ ಕೆಲಸಕ್ಕೆ ಅದನ್ನು ಕೇಳಬಹುದು ಅನ್ನುವುದು ಕಾಯ್ದೆಯಲ್ಲೇ ಇರಬೇಕು. ಉಳಿದವರು ಕೇಳಿದರೆ ಅದೇ ಅಪರಾಧ ಆಗಬೇಕು. ಸಿಸ್ಟಂ ತಪ್ಪಿದಾಗ ಫೋನ್ ಎತ್ತುವ ಒಬ್ಬ ಮನುಷ್ಯ ಇರಬೇಕು. ಕಳೆದ ವರ್ಷ ನನ್ನ ಹತ್ತಿರ ಬಂದ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋದಾಗ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿಕೊಂಡಿದ್ದಳು. ಹೊಸ ನಂಬರನ್ನು ಇವೀಸಾ ಖಾತೆಗೆ ಸೇರಿಸಿರಲಿಲ್ಲ. ವಾಪಸ್ ಬರುವಾಗ ಚೆಕ್ ಇನ್ ಕೌಂಟರಿನ ಕಂಪ್ಯೂಟರಿಗೆ ಅವಳ ವೀಸಾ ಕಾಣಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಎರಡು ಸೂಟ್‌ಕೇಸ್, ಒಂದು ಉಪ್ಪಿನಕಾಯಿ ಡಬ್ಬ ಇಟ್ಟುಕೊಂಡು ಕುಳಿತು ನನಗೆ ಫೋನ್ ಮಾಡಿದಳು. ವೀಸಾ ಇತ್ತು, ಹಕ್ಕೂ ಇತ್ತು, ಮಷೀನಿಗೆ ಮಾತ್ರ ಅವಳು ಇರಲಿಲ್ಲ. ಹಾಗಾಗಿ ನೀವು ಪಾಸ್‌ಪೋರ್ಟ್ ಬದಲಿಸಿದ ದಿನವೇ ಖಾತೆಯಲ್ಲಿ ಹೊಸ ನಂಬರ್ ಹಾಕಿ. ಪ್ರಯಾಣಕ್ಕೆ ಮೊದಲು ಲಾಗಿನ್ ಆಗಿ ಒಮ್ಮೆ ನೋಡಿಕೊಳ್ಳಿ, ವಿಮಾನ ನಿಲ್ದಾಣದ ಇಂಟರ್ನೆಟ್ ನಂಬಿಕೊಂಡು ಕೂರಬೇಡಿ.

ರಸ್ತೆಯಲ್ಲಿ ಪೊಲೀಸರು ತಡೆದರೆ ಏನು ಅಂತ ನಿಮ್ಮಂಥವರು ಜಾಸ್ತಿ ಕೇಳುತ್ತಾರೆ. ಇಲ್ಲಿ ಐಡಿ ಜೇಬಿನಲ್ಲಿಟ್ಟುಕೊಂಡೇ ಓಡಾಡಬೇಕು ಅನ್ನುವ ಕಾನೂನು ಇಲ್ಲ, ವೀಸಾ ಮೇಲಿರುವವರಿಗೂ ಇಲ್ಲ. ತಡೆದು ಜೇಬು ತಪಾಸಣೆ ಮಾಡುವಾಗಲೂ ಸಾಮಾನ್ಯವಾಗಿ ಹೆಸರು ಹೇಳಲೇಬೇಕಿಲ್ಲ. ಕಾರು ಓಡಿಸುತ್ತಿದ್ದರೆ ಮಾತ್ರ ಬೇರೆ: ಹೆಸರು, ವಿಳಾಸ ಕೊಡಬೇಕು. ಲೈಸೆನ್ಸ್ ಮನೆಯಲ್ಲಿ ಮರೆತಿದ್ದರೆ ಏಳು ದಿನದೊಳಗೆ ಸ್ಟೇಷನ್ನಿಗೆ ತಂದು ತೋರಿಸಬಹುದು. ನಮ್ಮ ಟ್ರಾಫಿಕ್ ಪೊಲೀಸರಿಗೆ ಇದನ್ನು ಹೇಳಿದರೆ ನಕ್ಕಾರು.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಕಾಫಿ ಹೊತ್ತಿನಲ್ಲಿ ಸುಮ್ನೆ ಕೇಳಿಸಿಕೊಂಡು ಕೂರಬೇಕಿಲ್ಲ, ಇಲ್ಲಿ ನಿಮಗೆ ಮತ ಇದೆ. ಕಾಮನ್‌ವೆಲ್ತ್ ದೇಶದ ಪ್ರಜೆ, ಇಲ್ಲಿರಲು ವೀಸಾ ಇದೆ, ವಾಸ ಇಲ್ಲೇ ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ನ್ಯಾಷನಲ್ ಇನ್ಶುರೆನ್ಸ್ ನಂಬರ್ ಹಾಕಿ ಆನ್‌ಲೈನಿನಲ್ಲಿ ಹೆಸರು ಸೇರಿಸಿ, ಐದು ನಿಮಿಷದ ಕೆಲಸ. ಎಷ್ಟೋ ಕನ್ನಡಿಗರು ಐದಾರು ವರ್ಷ ಇದ್ದೂ ಇದನ್ನು ಮಾಡಿರುವುದಿಲ್ಲ.

ಮತಗಟ್ಟೆಗೆ ಹೋಗುವಾಗ ಮಾತ್ರ ಫೋಟೊ ಇರುವ ಗುರುತಿನ ಚೀಟಿ ಬೇಕು. ಇಂಗ್ಲೆಂಡಿನಲ್ಲಿ 2023ರ ಮೇವರೆಗೆ ಅದೂ ಬೇಕಿರಲಿಲ್ಲ, ಹೆಸರು ವಿಳಾಸ ಹೇಳಿದರೆ ಮತಪತ್ರ ಕೊಡುತ್ತಿದ್ದರು. ಈ ನಿಯಮ ತಂದದ್ದು ಬೋರಿಸ್ ಜಾನ್ಸನ್ ಸರ್ಕಾರ. 2004ರಲ್ಲಿ, ಐಡಿ ಕಾರ್ಡ್ ತೋರಿಸು ಅಂತ ಯಾರಾದರೂ ಕೇಳಿದರೆ ಅದನ್ನು ತಿಂದೇ ಬಿಡುತ್ತೇನೆ ಅಂತ ಪತ್ರಿಕೆಯಲ್ಲಿ ಬರೆದಿದ್ದ ಅದೇ ಜಾನ್ಸನ್. 2024ರ ಮೇ 2ರಂದು ಅವರು ಮತ ಹಾಕಲು ಹೋದಾಗ ಐಡಿ ತರುವುದನ್ನು ಮರೆತಿದ್ದರು. ಮತಗಟ್ಟೆಯವರು ವಾಪಸ್ ಕಳಿಸಿದರು, ಮನೆಗೆ ಹೋಗಿ ತಂದು ಹಾಕಿದರು. ನಿಮ್ಮ ಭಾರತದ ಪಾಸ್‌ಪೋರ್ಟ್ ಅಲ್ಲಿ ನಡೆಯುತ್ತದೆ. ಆಧಾರ್ ತಗೊಂಡು ಹೋಗಬೇಡಿ, ನಡೆಯುವುದಿಲ್ಲ.